ನಾಗಮಂಗಲದ ಹೆಂಗಸು

ಹೆಣ್ಣು ಕೊಡುವ ಮುಂಚೆ ಗಂಡಿರುವ ಊರಿಗೆ ಹೋಗಿ ಒಂದು ಲೋಟ ಟೀ ಕುಡಿದು ಬರುವುದು ನಮ್ಮ ಕಡೆಯ ಪದ್ಧತಿ. ಹುಡುಗನ ಮನೆಯಲ್ಲಲ್ಲ, ಅವನು ಕೆಲಸ ಮಾಡುವ ಜಾಗದ ಹತ್ತಿರದ ಅಂಗಡಿಯಲ್ಲಿ. ದಾರಿಹೋಕನ ಹಾಗೆ ಬೆಂಚಿನ ಮೇಲೆ ಕೂತು, ಮಳೆ ಬೆಳೆಯ ಮಾತಾಡಿ, ಆಮೇಲೆ ಮೆಲ್ಲಗೆ 'ಇಂಥವರ ಮಗ ಇಲ್ಲೇ ಕೆಲಸದಲ್ಲವ್ನಂತಲ್ಲ, ಎಂಗೆ ಹುಡುಗ?' ಅಂತ ಕೇಳಬೇಕು. ಇದಕ್ಕೆ ವಿಚಾರಿಸೋದು ಅನ್ನುತ್ತಾರೆ. ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಮಗಳು ಚೈತ್ರಾಳ ಮದುವೆಯ ಜವಾಬ್ದಾರಿ ದೊಡ್ಡಪ್ಪನಾದ ನನ್ನ ಮೇಲೆ ಬಿತ್ತು. ಹಾಗಾಗಿ ಕಳೆದ ಮಾಘದಲ್ಲಿ ಗಂಜಾಂನಿಂದ ಹೊರಟು ಪಾಂಡವಪುರದಲ್ಲಿ ಇಳಿದೆ. ಹುಡುಗ ಅಲ್ಲೇ ಒಂದು ಬ್ಯಾಂಕಿನಲ್ಲಿ ನೌಕರ.

ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿರಲಿಲ್ಲ, ಯಾವುದೋ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ ಗಾಳಿಯಲ್ಲಿ ತೇಲಿಬಂತು. ಕಾಲುಗಳು ತಾವಾಗಿ ನಿಂತವು. ಇದೇ ವಾಸನೆಯ ನಡುವೆ, ಇದೇ ಊರಿನಲ್ಲಿ, ಒಬ್ಬ ಮನುಷ್ಯ ಹೀಗೇ ವಿಚಾರಿಸಲು ನನ್ನ ಬಳಿ ಬಂದಿದ್ದ. ನಾನು ಅವನಿಗೆ ಕೊಟ್ಟ ಉತ್ತರ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಇನ್ನೂ ಅಲ್ಲೇ ಇದೆ.

ಅದು ತೊಂಬತ್ತರ ದಶಕದ ನಡುವಿನ ಒಂದು ವರ್ಷ. ನಾನೂ ಪುಟ್ಟಸ್ವಾಮಿಯೂ ಸಕ್ಕರೆ ಕಾರ್ಖಾನೆಯೊಂದರ ಫೀಲ್ಡ್‌ಮನ್‌ಗಳು. ಪಾಂಡವಪುರದಲ್ಲಿ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಇಬ್ಬರೂ ಬಾಡಿಗೆಗಿದ್ದೆವು. ದಸರಾ ಮುಗಿದು ಕಬ್ಬು ಅರೆಯುವ ಸೀಸನ್ ಶುರುವಾದರೆ ಬೆಳಗಿನ ಮಂಜಿನಲ್ಲೇ ಸೈಕಲ್ ಹತ್ತಬೇಕು. ಯಾರ ಗದ್ದೆಯ ಕಬ್ಬು ಬಲಿತಿದೆ ಅಂತ ನೋಡಿ ಕಟಿಂಗ್ ಆರ್ಡರ್ ಕೊಡಿಸುವುದು ನಮ್ಮ ಕೆಲಸ. ಕಬ್ಬಿನಿಂದ ಎರಡು ಹನಿ ರಸ ತೆಗೆದು, ಸಣ್ಣ ದುರ್ಬೀನಿನಂಥ ಒಂದು ಯಂತ್ರದ ಗಾಜಿನ ಮೇಲೆ ಬಿಟ್ಟು, ಬೆಳಕಿಗೆ ಹಿಡಿದರೆ ಸಿಹಿ ಎಷ್ಟಿದೆ ಅಂತ ಕಾಣುತ್ತಿತ್ತು. ರೈತರಿಗೆ ಆ ಯಂತ್ರದ ಮೇಲೆ ನಂಬಿಕೆಯಿರಲಿಲ್ಲ, ನಮ್ಮ ಮೇಲಂತೂ ಮೊದಲೇ ಇಲ್ಲ. 'ಪಕ್ಕದೋನ ಕಬ್ಬಿಗೆ ಆರ್ಡರ್ ಕೊಟ್ರಿ, ನಂದಕ್ಕೆ ಯಾಕಿಲ್ಲ? ಅವ್ನು ಕೋಳಿ ಕುಯ್ದಿದ್ನಾ?' ಅಂತ ಬದುವಿನ ಮೇಲೆ ನಿಂತು ಕೇಳುತ್ತಿದ್ದರು. ತಡವಾದರೆ ಕಬ್ಬು ಹೂ ಬಿಟ್ಟು ಬೆಂಡಾಗುವ ಭಯ ಅವರಿಗೆ. ಒಬ್ಬರ ಮೇಲೊಬ್ಬರಿಗೆ ಅನುಮಾನ, ಎಲ್ಲರಿಗೂ ಸೇರಿ ನಮ್ಮ ಮೇಲೆ ಅನುಮಾನ. ನಾಲ್ಕು ತಿಂಗಳು ಆ ಗಾಳಿ ಕುಡಿದರೆ ಯಾವನಿಗಾದರೂ ಅದು ಅಂಟುತ್ತದೆ. ನನಗೂ ಅಂಟಿತ್ತು.

ಮನೆಯ ಒಡತಿಯ ಅನುಮಾನ ಬೇರೆ ಜಾತಿಯದು. ಮದುವೆಯಾಗದ ಗಂಡುಗಳಿಗೆ ಕೋಣೆ ಕೊಟ್ಟಿದ್ದೇ ದೊಡ್ಡ ಉಪಕಾರ ಅಂತ ದಿನಕ್ಕೆರಡು ಸಲ ನೆನಪಿಸುತ್ತಿದ್ದರು. 'ಹೆಂಗಸ್ರು ಅಂತ ಯಾರೂ ಈ ಬಾಗ್ಲು ದಾಟಂಗಿಲ್ಲ ಕಣ್ರಪ್ಪ' ಅನ್ನುವುದು ಮೊದಲ ದಿನದ ಕರಾರು. ಸೊಪ್ಪು ಮಾರುವವಳು ನಮ್ಮ ಬಾಗಿಲ ಹತ್ತಿರ ಬುಟ್ಟಿ ಇಳಿಸಿದರೂ ಅವರು ಹೊರಗೆ ಬಂದು ನಿಲ್ಲುತ್ತಿದ್ದರು.

ನನಗೆ ಆಗಲೇ ಗಂಜಾಂನ ವಿಮಲಾಳ ಹುಚ್ಚು. ನಿಮಿಷಾಂಬ ಗುಡಿಯ ಹತ್ತಿರ ಅವರಪ್ಪನ ಹೂವಿನಂಗಡಿ. ಭಾನುವಾರ ಬಂದರೆ ನಾನು ಗುಡಿಯಲ್ಲಿ. ಕಾರ್ಖಾನೆಗೆಲ್ಲ ಇದು ಗೊತ್ತಿತ್ತು. ಗೇಟಿನ ಎದುರು ಟೀ ಅಂಗಡಿ ಇಟ್ಟಿದ್ದ ಕೆಂಪಣ್ಣ, 'ಏನ್ ರಾಜಣ್ಣ, ನಿಮಿಷಾಂಬಂಗೆ ಇನ್ನೂ ಎಷ್ಟು ವಾರದ ಹರಕೆ ಬಾಕಿ?' ಅಂತ ಎಲ್ಲರ ಮುಂದೆ ಕೇಳಿ ನಗಿಸುತ್ತಿದ್ದ. ಭಾನುವಾರದ ಡ್ಯೂಟಿ ಬಿದ್ದರೆ ಗೆಳೆಯರೇ ಬದಲಾಯಿಸಿಕೊಳ್ಳುತ್ತಿದ್ದರು. ವಿಮಲಾಳ ಅಣ್ಣ ಒಂದು ದಿನ ಬಂದು ನನ್ನ ಕಾಲರ್ ಹಿಡಿದ. ಮುಂದಿನ ವಾರ ಅವನೇ ಟೀ ಕುಡಿಸಿ, 'ಮನೆಯೋರ್ನ ಕರ್ಕೊಂಡು ಬಾ' ಅಂದ. ನಾನು ಪ್ರೀತಿಸಿದ್ದು ನನ್ನ ಧೈರ್ಯ ಅಂತ ಬಹಳ ದಿನ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅರ್ಧ ಕೆಲಸ ಊರೇ ಮಾಡಿಕೊಟ್ಟಿತ್ತು.

ಭಾನುವಾರ ಸಂಜೆ ಕೋಣೆಗೆ ಬಂದು ಅವಳು ಏನಂದಳು, ಹೇಗೆ ನಕ್ಕಳು ಅಂತ ಎಲ್ಲವನ್ನೂ ಪುಟ್ಟಸ್ವಾಮಿಗೆ ವರದಿ ಒಪ್ಪಿಸುತ್ತಿದ್ದೆ. ಅವನು ಮುದ್ದೆ ತೊಳಸುತ್ತ ಪೂರ್ತಿ ಕೇಳುತ್ತಿದ್ದ. ಮೇಲುಕೋಟೆ ಕಡೆಯ ಒಂದು ಹಳ್ಳಿಯವನು, ತಂದೆಯಿಲ್ಲ, ತಾಯಿ ಒಬ್ಬರೇ. ಕುಡಿತವಿಲ್ಲ, ಬೀಡಿಯಿಲ್ಲ, ಇಸ್ಪೀಟಿಲ್ಲ. 'ನಿಂಗೆ ಯಾವ್ಳೂ ಹುಡುಗಿ ಇಲ್ವೇನ್ಲಾ?' ಅಂತ ನೂರು ಸಲ ಕೇಳಿದ್ದೇನೆ. 'ಇಲ್ಲ ಕಣ್ಲಾ' ಅನ್ನುತ್ತಿದ್ದ. ಅವನು ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆ ಹಾಗಿತ್ತು.

ಕಾರ್ತಿಕದಲ್ಲಿ ಅವನಿಗೊಂದು ಸಂಬಂಧ ಬಂತು. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ಹತ್ತಿರದ ಹುಡುಗಿ, ಹೆಸರು ಭಾಗ್ಯ. ಒಂದು ದಿನ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವಾಗ ಪುಟ್ಟಸ್ವಾಮಿ ಅಂದ: 'ರಾಜ, ಅವರ ಕಡೆಯೋರು ವಿಚಾರ್ಸಕ್ಕೆ ಬತ್ತಾರೆ. ಒಂದೇ ರೂಮ್ನೋನು ಅಂತ ನಿನ್ನೇ ಕೇಳ್ತಾರೆ. ನನ್ ಬಗ್ಗೆ ಬಾಯಿಗ್ ಬಂದಂಗೆ ಕೆಟ್ಟದ್ ಹೇಳ್ಬುಡು.'

'ಏನಂತ ಹೇಳ್ಲಾ?'

'ಕುಡೀತಾನೆ ಅನ್ನು. ಯಾವ್ಳನ್ನೋ ಇಟ್ಕೊಂಡವ್ನೆ ಅನ್ನು. ಸಂಬಂಧ ಮುರೀಬೇಕು, ಅಷ್ಟೆ.'

'ನೀನೇ ಬೇಡ ಅನ್ನೋಕೇನು ಧಾಡಿ?'

'ಮೂರ್ ಸಲ ಅಂದೆ ಕಣ್ಲಾ. ಯಾವ ಹುಡುಗಿ ಮನಸಲ್ಲವ್ಳೆ ಹೇಳು, ಅವಳ್ನೇ ತರಾನ ಅಂತಾರೆ. ಯಾರೂ ಇಲ್ಲ ಅಂದ್ರೆ ಅಂಗಾದ್ರೆ ನಿಂಗೇನು ರೋಗ ಅಂತಾರೆ. ಅವ್ವ ಊಟ ಬುಟ್ಟು ಕುಂತವ್ಳೆ.'

ತನ್ನ ಹೆಸರಿಗೆ ತಾನೇ ಮಸಿ ಬಳಿಸಿಕೊಳ್ಳಲು ಹೊರಟವನನ್ನು ನೋಡಿ ನನಗೆ ಅನುಮಾನ ಬರದೆ ಇದ್ದೀತೆ? ಎಲ್ಲೋ ಬೇರೆ ಜಾತಿಯವಳು ಇದ್ದಾಳೆ ಅಂದುಕೊಂಡೆ. ಇಲ್ಲವೇ ಮದುವೆಯಾದವಳು. ನನ್ನ ಗುಟ್ಟೆಲ್ಲ ಕೇಳಿಸಿಕೊಂಡು ತನ್ನದನ್ನು ಬಚ್ಚಿಟ್ಟನಲ್ಲ ಅಂತ ಸಿಟ್ಟೂ ಬಂತು. ಪ್ರತಿ ಶನಿವಾರ ಮಧ್ಯಾಹ್ನ ಅವನು ನಾಗಮಂಗಲದ ಬಸ್ಸು ಹತ್ತುತ್ತಿದ್ದ. ಅಲ್ಲಿ ದೂರದ ನೆಂಟರಿದ್ದಾರೆ ಅನ್ನುತ್ತಿದ್ದ. ಮುಂದಿನ ಶನಿವಾರ ನಾನೂ ಅದೇ ಬಸ್ಸಿನ ಹಿಂಬಾಗಿಲಿಂದ ಹತ್ತಿ, ತಲೆಗೆ ಟವೆಲ್ ಸುತ್ತಿಕೊಂಡು ಕೊನೆಯ ಸೀಟಿನಲ್ಲಿ ಕೂತೆ. ಜಕ್ಕನಹಳ್ಳಿ ದಾಟುವ ತನಕ ನನ್ನ ಪತ್ತೇದಾರಿಕೆಗೆ ನಾನೇ ಹೆಮ್ಮೆಪಡುತ್ತಿದ್ದೆ.

ನಾಗಮಂಗಲದಲ್ಲಿ ಹಿತ್ತಾಳೆ ಗಂಟೆ, ದೀಪ ಎರಕ ಹೊಯ್ಯುವ ಆಚಾರಿಗಳ ಬೀದಿಗೆ ಅವನು ತಿರುಗಿದ. ಒಂದು ಕುಲುಮೆಯ ಮುಂದೆ ನಮ್ಮದೇ ವಯಸ್ಸಿನ ಒಬ್ಬ ಗಂಟೆಗೆ ಅರ ಹಾಕಿ ಉಜ್ಜುತ್ತಿದ್ದ. ಪುಟ್ಟಸ್ವಾಮಿ ಅವನ ಪಕ್ಕ ಜಗಲಿಯ ಮೇಲೆ ಕೂತ. ನಾನು ಎದುರಿನ ಸೋಡಾ ಅಂಗಡಿಯ ಮರೆಯಲ್ಲಿ ನಿಂತು ಹೆಂಗಸು ಬರಲಿ ಅಂತ ಕಾದೆ. ಯಾವ ಹೆಂಗಸೂ ಬರಲಿಲ್ಲ. ಇಬ್ಬರೂ ಮಾತಾಡುತ್ತಿದ್ದರು. ಪುಟ್ಟಸ್ವಾಮಿ ತನ್ನ ಚೀಲದಿಂದ ಬುತ್ತಿ ತೆಗೆದ. ಶನಿವಾರ ಬೆಳಿಗ್ಗೆ ಬೇಗ ಎದ್ದು ಯಾರಿಗೆ ಅಷ್ಟು ರೊಟ್ಟಿ ತಟ್ಟುತ್ತಿದ್ದ ಅಂತ ನನಗೆ ಆಗ ಗೊತ್ತಾಯಿತು. ಆ ಆಚಾರಿ ಕೈ ತೊಳೆದು ಬಂದು, ಪುಟ್ಟಸ್ವಾಮಿಯ ಕೂದಲಿಗೆ ಹಾರಿದ್ದ ಹಿತ್ತಾಳೆಯ ಪುಡಿಯನ್ನು ಊದಿದ. ಪುಟ್ಟಸ್ವಾಮಿ ನಕ್ಕ. ಒಂದೇ ಕೋಣೆಯಲ್ಲಿ ಎರಡು ವರ್ಷ ಇದ್ದರೂ ಆ ನಗು ನಾನು ನೋಡಿರಲಿಲ್ಲ. ಆದರೆ ಗುರುತು ಸಿಕ್ಕಿತು. ಹೂವಿನಂಗಡಿಯ ಮುಂದೆ ನಿಂತಾಗ ನನ್ನ ಮುಖದಲ್ಲಿ ಇರುತ್ತಿದ್ದದ್ದೂ ಅದೇ ಇರಬೇಕು.

ಮಾರನೆಯ ದಿನ ತಡೆಯಲಾರದೆ ಹೇಳಿಬಿಟ್ಟೆ: 'ನಿನ್ನ ಹಿಂದೆ ಬಂದಿದ್ದೆ.'

'ಯಾರಿಗ್ ಹೇಳ್ದೆ?' ಅಂದ. ಮೊದಲ ಮಾತೇ ಅದು.

'ಯಾರಿಗೂ ಇಲ್ಲ.'

ಅವನು ನೆಲ ನೋಡಿಕೊಂಡು ಹೇಳಿದ: 'ಅವ್ನ ಎಸ್ರು ಮಂಜ. ನಂಗೆ ಹೆಂಗಸ್ರು ಬ್ಯಾಡ ಕಣ್ಲಾ. ಬುದ್ಧಿ ಬಂದಾಗಿಂದ ನಾನು ಇಂಗೇಯ. ಎಷ್ಟು ದೇವ್ರಿಗೆ ಮುಡಿಪು ಕಟ್ಟಿದ್ರೂ ಇಂಗೇಯ.'

ನಾನು ದೊಡ್ಡ ಮನಸ್ಸಿನವನ ಹಾಗೆ 'ಆಗ್ಲಿ ಬುಡು' ಅಂದೆ. ಆದರೆ ಅವತ್ತು ಸಂಜೆ ಚಾಪೆ ಹಾಸುವಾಗ ನನ್ನದನ್ನು ಒಂದು ಮೊಳ ಆಚೆಗೆ ಎಳೆದುಕೊಂಡೆ. ಅವನು ನೋಡಿದ. ನಾಲ್ಕು ದಿನ ಬಿಟ್ಟು ನಾನೇ ನಾಚಿಕೊಂಡು ಮತ್ತೆ ಹತ್ತಿರ ಹಾಸಿದೆ. ಆ ಒಂದು ಮೊಳವನ್ನು ಅವನು ಮರೆತನೋ ಇಲ್ಲವೋ, ನಾನಂತೂ ಮರೆತಿಲ್ಲ.

ಇನ್ನೊಂದು ಕಷ್ಟವಿತ್ತು. ಅವನು ಏನು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಮರ್ಯಾದೆಯ ಮಾತು ಇರಲಿಲ್ಲ. ಇಸ್ಕೂಲಿನ ಹಿತ್ತಲಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಕೇಳಿದ ಮಾತುಗಳಿದ್ದವು, ಎಲ್ಲವೂ ಬೈಗುಳ. ಅವುಗಳಲ್ಲಿ ಒಂದನ್ನೂ ನನ್ನ ಪುಟ್ಟಸ್ವಾಮಿಗೆ ಅಂಟಿಸಲು ಬಾಯಿ ಬರುತ್ತಿರಲಿಲ್ಲ. ಅವನಿಗೂ ಬೇರೆ ಮಾತು ಗೊತ್ತಿರಲಿಲ್ಲ. ಅದಕ್ಕೇ 'ಇಂಗೇಯ' ಅಂದಿದ್ದ.

ಹುಡುಗಿಯ ಸೋದರಮಾವ ನಂಜಪ್ಪ ಬಂದದ್ದು ಒಂದು ಬುಧವಾರ. ಕೆಂಪಣ್ಣನ ಅಂಗಡಿಯ ಬೆಂಚಿನ ಮೇಲೆ ಕೂತು ನನಗೆ ಹೇಳಿ ಕಳಿಸಿದರು. ದಪ್ಪ ಮೀಸೆ, ಬಿಳಿ ಪಂಚೆ, ತಾವೂ ಕಬ್ಬು ಬೆಳೆಯುವವರು. ಟೀ ತರಿಸಿ ನೇರ ವಿಷಯಕ್ಕೆ ಬಂದರು.

'ನೋಡಪ್ಪ ತಮ್ಮ, ಮೂರ್ ಕಡೆ ವಿಚಾರಿಸ್ದೆ. ನಿಮ್ಮ ಮನೆ ಒಡತಿ ಚಿನ್ನ ಅಂದ್ರು. ಚೌರದೋನು ಬಂಗಾರ ಅಂದ. ಈ ಕೆಂಪಣ್ಣನೂ ಅಂಗೇ ಅಂದ. ಹುಡುಗ ಕುಡಿಯಲ್ಲ, ಸೇದಲ್ಲ, ಹೆಣ್ಮಕ್ಕಳ ಕಡೆ ತಲೆ ಎತ್ತಿ ನೋಡಲ್ಲ. ಒಂದೇ ಒಂದ್ ಕೆಟ್ ಮಾತು ಸಿಕ್ನಿಲ್ಲ. ಅದ್ಕೇ ನಂಗೆ ಅನುಮಾನ.'

ಪುಟ್ಟಸ್ವಾಮಿ ಕೇಳಿಕೊಂಡಿದ್ದಂತೆ ನಾನು ಶುರುಮಾಡಿದೆ.

'ಅವನಿಗೆ ಮದುವೆ ಬೇಡ್ವಂತೆ ಗೌಡ್ರೇ.'

'ಯಾರಿಗ್ ಬೇಕೇಳು. ಹೆಗಲ ಮ್ಯಾಲೆ ನೊಗ ಇಟ್ರೆ ಎತ್ತು ತಾನೇ ನಡೀತದೆ.'

'ಕುಡೀತಾನೆ.'

'ಆ? ದಿನಾನಾ?'

'ಶನಿವಾರ ಶನಿವಾರ.'

'ವಾರಕ್ಕೊಂದ್ ದಿನ ತಾನೇ. ಸೀಸನ್ ಕೆಲ್ಸ, ಮೈಕೈ ನೋವು, ಕುಡೀಲಿ ಬುಡು.'

ಇನ್ನು ಕೈಯಲ್ಲಿ ಉಳಿದಿದ್ದದ್ದು ಒಂದೇ ಅಸ್ತ್ರ. ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದೆ: 'ನಾಗಮಂಗಲದಲ್ಲಿ ಒಬ್ಬ ಹೆಂಗಸು ಅವ್ಳೆ. ಪ್ರತಿ ಶನಿವಾರ ಅಲ್ಲಿಗೇ ಓಗದು.'

ನಂಜಪ್ಪ ಲೋಟ ಕೆಳಗಿಟ್ಟರು. ಮುಗಿಯಿತು, ಸಂಬಂಧ ಮುರಿಯಿತು ಅಂದುಕೊಂಡೆ. ಅವರು ನನ್ನ ತೊಡೆಯ ಮೇಲೆ ಫಟ್ಟನೆ ಹೊಡೆದು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

'ಅಂಗಂದ್ರೆ ಗಂಡ್ಸೇ ಅನ್ನು! ಅಯ್ಯೋ ನನ್ನಪ್ಪ, ಬದುಕುಸ್ದೆ. ನಾನು ಇನ್ನೇನೋ ಅಂದ್ಕೊಂಡಿದ್ನಲ್ಲ.'

'ಏನಂದ್ಕೊಂಡಿದ್ರಿ?'

ಅವರು ಒಂದು ಮಾತು ಅಂದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಪಕ್ಕದ ಬೆಂಚಿನವರೂ ನಕ್ಕರು. 'ವಯಸ್ಸು ಕಣಪ್ಪ. ಹೆಂಡ್ತಿ ಮನೆಗ್ ಬಂದ್ರೆ ಆ ನಾಗಮಂಗಲದೋಳು ತಾನೇ ಬುಟ್ಟೋಯ್ತಾಳೆ' ಅಂತ ಹೇಳಿ, ನನಗೆ ಇನ್ನೊಂದು ಟೀ ಹೇಳಿದರು.

ಆ ಗಳಿಗೆಯಲ್ಲಿ ನಿಜ ಹೇಳಬಹುದಿತ್ತು. 'ನೀವು ಅಂದುಕೊಂಡದ್ದೇ ಸರಿ' ಅಂದಿದ್ದರೆ ಸಂಬಂಧ ಅಲ್ಲೇ ಮುರಿಯುತ್ತಿತ್ತು. ಅದರ ಜೊತೆಗೆ ಪುಟ್ಟಸ್ವಾಮಿಯೂ. ಅವರ ಬಾಯಿಂದ ಬಂದ ಆ ಮಾತು ಸಂಜೆಯೊಳಗೆ ಮೇಲುಕೋಟೆ ಮುಟ್ಟುತ್ತಿತ್ತು, ಅವನ ತಾಯಿಯ ಕಿವಿಗೆ ಬೀಳುತ್ತಿತ್ತು. ನಾನು ಎರಡನೆಯ ಟೀ ಕುಡಿದೆ. ಅವನ ಗೆಳೆಯನಾಗಿ ಅವನನ್ನು ಉಳಿಸಿದೆ ಅಂತಲೇ ಆಗ ನನ್ನ ಲೆಕ್ಕ. ಹೊಸಹೊಳಲಿನ ಹತ್ತಿರ ಒಬ್ಬ ಹುಡುಗಿ ಇದ್ದಾಳೆ ಅನ್ನುವುದು ಆ ಲೆಕ್ಕದಲ್ಲಿ ಬರಲೇ ಇಲ್ಲ.

ನಡೆದದ್ದನ್ನು ಹೇಳಿದಾಗ ಪುಟ್ಟಸ್ವಾಮಿ ನಗಲೂ ಇಲ್ಲ, ಬೈಯಲೂ ಇಲ್ಲ. 'ಇರೋ ಹೆಂಗ್ಸಾಗಿದ್ರೂ ಕ್ಷಮಿಸ್ತಿದ್ರು, ಇಲ್ದೆ ಇರೋಳ್ನೂ ಕ್ಷಮಿಸ್ಬುಟ್ರಲ್ಲೋ' ಅಂದ. ತಾಯಿ ಊಟ ಮಾಡಿದರು. ಮಾಘದಲ್ಲಿ ಮದುವೆ ಆಯಿತು. ಗಂಡು ಹುಡುಗರು ಅಂತ ಮೂಗು ಮುರಿಯುತ್ತಿದ್ದ ಅದೇ ಒಡತಿ ತಮ್ಮ ಮುಂದಿನ ಮನೆಯನ್ನೇ ಅವನಿಗೆ ಬಿಟ್ಟುಕೊಟ್ಟು, ಹೊಸಿಲಿಗೆ ತಾವೇ ರಂಗೋಲಿ ಹಾಕಿದರು. ಟೀ ಅಂಗಡಿಯಲ್ಲಿ ಅವನಿಗೂ ತಮಾಷೆಗಳು ಶುರುವಾದವು, ನನಗೆ ಆಗುತ್ತಿದ್ದಂತೆ. ಅವನು ಬಗ್ಗಿ ಟೀ ಕುಡಿದು ಎದ್ದು ಹೋಗುತ್ತಿದ್ದ. ನಾಚಿಕೆ ಅಂತ ಎಲ್ಲರೂ ನಗುತ್ತಿದ್ದರು.

ಭಾಗ್ಯ ತೆಳ್ಳಗಿನ, ಮಾತು ಕಡಿಮೆಯ ಹುಡುಗಿ. ಪಿಯುಸಿ ಓದಿದ್ದಳು. ನನ್ನನ್ನು ಅಣ್ಣ ಅನ್ನುತ್ತಿದ್ದಳು. ಯುಗಾದಿಗೆ ಸೀಸನ್ ಮುಗಿಯಿತು. ಮುಂಗಾರು ಬಂದು, ಹೊಸ ಮದುವೆಯ ಹೆಣ್ಣುಮಕ್ಕಳು ತವರಿಗೆ ಹೋಗುವ ಆಷಾಢವೂ ಬಂತು. ಅವಳು ಊರಿಗೆ ಹೊರಡುವ ಹಿಂದಿನ ದಿನ, ಜಿಟಿಜಿಟಿ ಮಳೆಯಲ್ಲಿ, ನಾನು ಕಬ್ಬಿನ ಹೊಸ ನಾಟಿ ಬರೆದುಕೊಳ್ಳುತ್ತಿದ್ದ ಗದ್ದೆಯ ಬದುವಿಗೇ ನಡೆದು ಬಂದಳು. ಕೈಯಲ್ಲಿ ಕೊಡೆಯಿದ್ದರೂ ಬಿಚ್ಚಿರಲಿಲ್ಲ.

'ಅಣ್ಣ, ಆ ನಾಗಮಂಗಲದೋಳ ಎಸ್ರೇನು?'

ನನ್ನ ಕೈಯ ಪುಸ್ತಕ ನೆನೆಯುತ್ತಿರುವುದೂ ಗೊತ್ತಾಗಲಿಲ್ಲ.

'ಮಾವ ಅವ್ವಂಗೆ ಹೇಳಿದ್ರು, ಅವ್ವ ನಂಗೆ ಹೇಳಿ ಕಳ್ಸುದ್ಲು. ಚೆನ್ನಾಗಿ ನೋಡ್ಕೊ, ಬುಟ್ ಬತ್ತಾನೆ ಅಂತ. ನೋಡ್ಕೊಂಡೆ. ನಿಮಿಷಾಂಬಂಗೆ ಹರಕೆ ಕಟ್ಟಿದೆ. ನಾಟಿ ಔಷಧಿ ಕುಡ್ದೆ. ಅವ್ರು ಒಂದ್ ದಿನ ಗದರಿಲ್ಲ, ಕೈ ಎತ್ತಿಲ್ಲ. ಗೋಡೆ ಕಡೆ ತಿರುಗಿ ಮಲಗ್ತಾರೆ. ಮೂರ್ ಶನಿವಾರ ನಾಗಮಂಗಲದ ಬಸ್ ಸ್ಟ್ಯಾಂಡ್‌ನಲ್ಲಿ ಓಗಿ ನಿಂತೆ. ಓಗೋ ಬರೋ ಹೆಂಗಸ್ರ ಮುಖ ನೋಡ್ತಾ, ಇವ್ಳಾ, ಇವ್ಳಾ ಅಂತ. ನನಗಿಂತ ಅವ್ಳಲ್ಲಿ ಏನು ಐತೆ ಅಂತ ನೋಡ್ಬೇಕಿತ್ತು. ಎಸ್ರು ಹೇಳಿ, ಕಾಲಿಗ್ ಬಿದ್ದು ಕೇಳ್ಕತೀನಿ.'

ಅವಳು ನಿಜವಾಗಿಯೂ ಬಗ್ಗಿದಳು. ನಾನು ಹಿಂದಕ್ಕೆ ಸರಿದೆ. ಇನ್ನು ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

'ಅಂಥ ಹೆಂಗಸು ಯಾರೂ ಇಲ್ಲ ಕಣವ್ವ. ನಾನು ಹುಟ್ಟಿಸಿ ಹೇಳ್ದೆ.'

ಸಂಬಂಧ ಮುರಿಯಲಿ ಅಂತ ಹೇಳಿದ್ದು, ಅದೇ ಸಂಬಂಧವನ್ನು ಗಟ್ಟಿ ಮಾಡಿದ್ದು, ಎಲ್ಲ ಹೇಳಿದೆ. 'ಅವನಿಗೆ ಹೆಂಗಸರ ಮೇಲೆ ಮನಸ್ಸಿಲ್ಲ. ನಿನ್ನ ಮೇಲೆ ಅಂತಲ್ಲ, ಯಾವ ಹೆಂಗಸಿನ ಮೇಲೂ ಇಲ್ಲ. ಅವನ ಮನಸ್ಸು ಇರೋದು ಒಬ್ಬ ಗಂಡಸಿನ ಮೇಲೆ' ಅಂದೆ. ನಂಜಪ್ಪನವರ ಮುಂದೆ ಸಿಗದಿದ್ದ ಮಾತು ಅವಳ ಮುಂದೆ ಹೇಗೋ ಸಿಕ್ಕಿತು. ಅದಕ್ಕೆ ಬೈಗುಳವೇನೂ ಬೇಕಾಗಲಿಲ್ಲ.

ಅವಳು ಬದುವಿನ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಮಳೆಯೋ ಕಣ್ಣೀರೋ ತಿಳಿಯಲಿಲ್ಲ.

'ಅಂಗಾದ್ರೆ ತಪ್ಪು ನಂದಲ್ಲ' ಅಂದಳು. ಇನ್ನೊಮ್ಮೆ ಅದನ್ನೇ ಅಂದಳು.

ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. 'ಅವ್ರ ಮಾನ ಉಳಿಸ್ದೆ ಅಂತೀರಲ್ಲಣ್ಣ. ಉಳಿಸಿ, ಪಾಪ. ಆ ಬೆಂಚಿನ ಮೇಲೆ ಕುಂತಿದ್ದಾಗ ನನ್ನ ನೆನಪು ಒಂದ್ ಗಳಿಗೆ ಬರ್ನಿಲ್ವಾ ನಿಮಗೆ? ನಿಮ್ಮ ವಿಮಲಂಗೆ ಯಾರಾದ್ರೂ ಇಂಗೆ ಮಾಡಿದ್ರೆ ಸುಮ್ನಿರ್ತಿದ್ರಾ?'

ನಾನು ನೆನೆದ ಪುಸ್ತಕ ಮುಚ್ಚಿದೆ.

ಆಷಾಢ ಮುಗಿದರೂ ಭಾಗ್ಯ ಬರಲಿಲ್ಲ. ಶ್ರಾವಣದಲ್ಲಿ ಅವಳ ತವರಿನಲ್ಲಿ ಹಿರಿಯರು ಸೇರಿದರು. ಪುಟ್ಟಸ್ವಾಮಿಯನ್ನು ಕರೆಸಿದರು, ಸಾಕ್ಷಿಗೆ ನನ್ನನ್ನೂ. ನಡುಮನೆಯಲ್ಲಿ ಚಾಪೆ ಹಾಸಿ ಹತ್ತು ಹನ್ನೆರಡು ಜನ ಕೂತಿದ್ದರು. ನಂಜಪ್ಪ ನನ್ನ ಕಡೆ ತಿರುಗಿ ಗುಡುಗಿದರು: 'ಏನಯ್ಯಾ, ನೀನೇ ಅಂದಿದ್ಯಲ್ಲ. ಹೇಳು ಇವ್ರ ಮುಂದೆ. ಇವ್ನಿಗೆ ಏನು ಬಂದದೆ? ಆ ನಾಗಮಂಗಲದೋಳು ಇನ್ನೂ ಅವ್ಳಾ, ಇಲ್ಲ ಬೇರೆ ಏನಾರಾ ಕತೆ ಐತಾ?'

ಆ 'ಬೇರೆ ಕತೆ' ಅನ್ನುವಾಗ ಅವರ ದನಿಯಲ್ಲಿ ಹಳೆಯ ಅನುಮಾನ ಮತ್ತೆ ತಲೆ ಎತ್ತಿತ್ತು. ಪುಟ್ಟಸ್ವಾಮಿ ಕೈ ಕಟ್ಟಿಕೊಂಡು ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಕೋಣೆಯ ಬಾಗಿಲಲ್ಲಿ ನಿಂತಿದ್ದ ಭಾಗ್ಯ ಮಾತಾಡಿದಳು.

'ಅವ್ಳೆ. ನಾನೇ ಕಣ್ಣಾರೆ ನೋಡ್ದೆ. ನಾಗಮಂಗಲದ ಬಸ್ ಸ್ಟ್ಯಾಂಡ್‌ನಲ್ಲಿ. ನಾನು ಇನ್ನು ಆ ಮನೆಗೆ ಓಗಲ್ಲ.'

ಎಲ್ಲರೂ ಒಟ್ಟಿಗೆ ಮಾತಾಡಿದರು. ಹಿರಿಯರು ಪುಟ್ಟಸ್ವಾಮಿಗೆ ಬೈದರು. ಆದರೆ ಆ ಬೈಗುಳದಲ್ಲಿ ಉರಿ ಇರಲಿಲ್ಲ, ತಮಗೆ ಗೊತ್ತಿರುವ ತಪ್ಪನ್ನು ಬೈಯುವ ಸಲಿಗೆ ಇತ್ತು. ಮೂಲೆಯಲ್ಲಿ ಒಬ್ಬ ಮುದುಕ ಮೀಸೆಯಲ್ಲೇ ನಕ್ಕಿದ್ದನ್ನು ನಾನು ನೋಡಿದೆ. ಹೆಂಗಸರು ಭಾಗ್ಯಳನ್ನು ಅಪ್ಪಿಕೊಂಡು ಅತ್ತರು. ಅವಳನ್ನು ಬಂಜೆ ಅಂತಲೋ ಬಾಳುಗೆಟ್ಟವಳು ಅಂತಲೋ ಯಾರೂ ಅನ್ನಲಿಲ್ಲ. ಹೊತ್ತು ಮುಳುಗುವುದರೊಳಗೆ ಬಿಡುಗಡೆಯ ಮಾತು ಮುಗಿಯಿತು.

ಹೊರಡುವಾಗ ಅವಳು ನೀರಿನ ಚೊಂಬು ತಂದುಕೊಟ್ಟಳು. 'ಯಾಕವ್ವ ಅಂಗಂದೆ?' ಅಂತ ಕೇಳಿದೆ.

'ಇರ್ಲಿ ಬುಡಣ್ಣ ಆ ಹೆಂಗ್ಸು. ಅವ್ಳು ಇಲ್ದಿದ್ರೆ ಇವ್ರೆಲ್ಲ ಅವ್ರನ್ನ ಬದುಕಕ್ಕೆ ಬುಡ್ತಾರಾ? ನನ್ನ ಬುಡ್ತಾರಾ?'

ಪುಟ್ಟಸ್ವಾಮಿ ತಾಯಿ ತೀರಿಕೊಂಡ ಮೇಲೆ ಕೆಲಸ ಬಿಟ್ಟು ನಾಗಮಂಗಲಕ್ಕೇ ಹೋದ. ಮಂಜನ ಕುಲುಮೆಯಲ್ಲಿ ಜೊತೆಗಿದ್ದಾನೆ. ಊರಿನವರ ಬಾಯಲ್ಲಿ ಅವರು ಪಾಲುದಾರರು. ನನ್ನ ಮದುವೆಗೆ ಇಬ್ಬರೂ ಬಂದು ದೇವರ ಮನೆಗೊಂದು ಗಂಟೆ ಕೊಟ್ಟರು. ವಿಮಲಾ ಮಂಜನನ್ನು ತೋರಿಸಿ 'ಅವರ್ಯಾರು?' ಅಂದಳು. ಪುಟ್ಟಸ್ವಾಮಿಯ ಮನೆಯವರು ಅನ್ನಬೇಕಿತ್ತು. ಸ್ನೇಹಿತರು ಅಂದೆ. ಭಾಗ್ಯ ಮತ್ತೆ ಮದುವೆಯಾಗಿ ಚೆನ್ನಾಗಿದ್ದಾಳಂತೆ. ಅದೂ ಯಾವುದೋ ಟೀ ಅಂಗಡಿಯಲ್ಲಿ ಕೇಳಿದ ಸುದ್ದಿಯೇ, ಪೂರ್ತಿ ನಂಬುವ ಹಾಗಿಲ್ಲ.

ಕಳೆದ ಮಾಘದಲ್ಲಿ, ಆ ವಾಸನೆಯಿಂದ ಬಿಡಿಸಿಕೊಂಡು ನಾನು ಹೋಗಿ ಕೂತದ್ದು ಕೆಂಪಣ್ಣನ ಅಂಗಡಿಯಲ್ಲೇ. ಅಂಗಡಿ ಈಗ ಪೇಟೆಯೊಳಗೆ, ಆ ಬ್ಯಾಂಕಿನ ಪಕ್ಕದಲ್ಲಿದೆ. ಕೆಂಪಣ್ಣನಿಗೆ ವಯಸ್ಸಾಗಿದೆ, ನಾಲಿಗೆ ಮಾತ್ರ ಹಾಗೇ ಇದೆ. ನಾನು ಬ್ಯಾಂಕಿನ ಹುಡುಗನ ಬಗ್ಗೆ ಕೇಳಿದೆ.

'ಚಿನ್ನ ಕಣ್ ರಾಜಣ್ಣ. ಹೆಣ್ಮಕ್ಕಳ ಕಡೆ ತಲೆ ಎತ್ತಿ ನೋಡಲ್ಲ. ನಿಮ್ ಪುಟ್ಸಾಮಿ ತರ ಅಲ್ಲ ಬುಡು. ಅವ್ನು ಆ ನಾಗಮಂಗಲದೋಳ ಸಾವಾಸ ಮಾಡಿ ಮನೆ ಮುರ್ಕೊಂಡ.'

'ಅವಳನ್ನ ನೀನು ನೋಡಿದ್ದಾ ಕೆಂಪಣ್ಣ?'

'ನೋಡ್ದೆ ಏನು! ಇಲ್ಲಿಗೇ ಬಂದಿದ್ಲಲ್ಲ. ಎತ್ತರದ ಹೆಂಗ್ಸು, ಕೆಂಪಗೆ, ಮೂಗಿಗೆ ಎರಡೂ ಕಡೆ ಬೊಟ್ಟು. ಈ ಬೆಂಚಿನ ಮ್ಯಾಲೇ ಕುಂತು ಟೀ ಕುಡುದ್ಲು.'

ನಾನು ಬೆಂಚಿನಿಂದ ಎದ್ದೆ. ಇವನ ಬಾಯಿಂದ ಇನ್ನೇನು ವಿಚಾರಿಸಲಿ? ರಸ್ತೆಯ ಆಚೆ ಹುಣಿಸೆಮರದ ನೆರಳಿಗೆ ಹೋಗಿ ಚೈತ್ರಾಳಿಗೆ ಫೋನ್ ಮಾಡಿದೆ.

'ನಾನು ವಿಚಾರಿಸೋದು ಬಿಟ್ಟೆ ಮಗಳೇ. ನೀನೇ ಆ ಹುಡುಗನ ಜೊತೆ ಕೂತು ಮಾತಾಡು. ಈ ಮದುವೆ ಬೇಕಾ ಅಂತ ಕೇಳು. ಮನಸ್ಸಲ್ಲಿ ಬೇರೆ ಯಾರಾದ್ರೂ ಇದ್ದಾರಾ ಅಂತ ಕೇಳು. ಹುಡುಗಿ ಇದ್ದಾಳಾ ಅನ್ನಬೇಡ, ಯಾರಾದ್ರೂ ಇದ್ದಾರಾ ಅಂತ ಕೇಳು.'

ಫೋನು ಕಟ್ಟಾಯಿತೇನೋ ಅಂತ ನೋಡಿಕೊಂಡೆ.

'ದೊಡ್ಡಪ್ಪ, ಅದನ್ನ ನನ್ನ ಯಾರು ಕೇಳ್ತಾರೆ?' ಅಂದಳು.

ಮೂರು ತಿಂಗಳಿಂದ ಅವಳಿಗೆ ಗಂಡು ಹುಡುಕುತ್ತಿದ್ದೆ. ಬೆಂಚಿನಿಂದ ಬೆಂಚಿಗೆ ಅಲೆದಿದ್ದೆ. ಅವಳನ್ನು ಕೇಳಿರಲಿಲ್ಲ.

'ನಿನಗೆ ಯಾರಾದ್ರೂ ಇದ್ದಾರಾ ಚೈತ್ರಾ?'

ಅವಳು ಉಸಿರು ಬಿಟ್ಟದ್ದು ಕೇಳಿಸಿತು.

'ಮನೆಗೆ ಬನ್ನಿ ದೊಡ್ಡಪ್ಪ, ಹೇಳ್ತೀನಿ.'